ಹುಟ್ಟುವ ಮೊದಲೇ ತಿದ್ದಿದ ಫೈಲು

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಮೂವತ್ತೊಂದು ನಿಮಿಷ. ನೀರು ಪರೀಕ್ಷಾ ಕೇಂದ್ರದ ಕಂಪ್ಯೂಟರಿನಲ್ಲಿ ಸಿಕ್ಕ ಸಂಶಯದ ಫೈಲನ್ನು ಅಳಿಸುವುದಿಲ್ಲ ಎಂದು ಸ್ಕ್ರೂ ಅಕ್ಕ ಹೇಳಿದಳು.

"ಏನಂದೆ?" ನಿರ್ದೇಶಕರು ಕೇಳಿದರು.

"ಅಳಿಸಲ್ಲ ಅಂದೆ ಸಾರ್."

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. ಅವರು ಈ ಕೇಂದ್ರಕ್ಕೆ ಬಂದು ಮೂರು ತಿಂಗಳಾಗಿತ್ತು. ಈ ಮೂರು ತಿಂಗಳಲ್ಲಿ ಎದುರು ಮಾತು ಕೇಳಿಸಿಕೊಳ್ಳುವ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು.

"ನೋಡಮ್ಮ, ನಿನ್ನನ್ನ ಕರೆಸಿದ್ದು ಅಭಿಪ್ರಾಯ ಕೇಳೋಕಲ್ಲ. ವೈರಸ್ ಇದೆ, ತೆಗಿ ಅಂದೆ, ಅಷ್ಟೇ. ಹನ್ನೆರಡಕ್ಕೆ ವಿಚಾರಣಾ ಸಮಿತಿ ಬರುತ್ತೆ. ಅಷ್ಟರಲ್ಲಿ ಈ ಯಂತ್ರ ತೊಳೆದಿಟ್ಟ ತಟ್ಟೆ ಥರ ಇರಬೇಕು." ಪರದೆಯ ಕೆಳಮೂಲೆಯತ್ತ ಬೆರಳು ತೋರಿಸಿದರು. "ಆಗಲೇ ಹತ್ತು ನಲವತ್ತಾಯ್ತು."

ಸ್ಕ್ರೂ ಅಕ್ಕ ಗೋಡೆಯ ಗಡಿಯಾರ ನೋಡಿದಳು. ಹತ್ತು ಮೂವತ್ತೊಂದು.

ಕೂದಲಿನ ಗಂಟಿಗೆ ಸದಾ ಒಂದು ಸ್ಕ್ರೂ ಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದದ್ದರಿಂದ ಅವಳಿಗೆ ಆ ಹೆಸರು ಬಂದಿತ್ತು. ಎರಡು ಬೀದಿ ಆಚೆ ಅವಳ ರಿಪೇರಿ ಅಂಗಡಿ. ಈ ಕೇಂದ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಗಂಡನ ಮೂಲಕ ಬಂದದ್ದು. ಗಂಡ ನಿರ್ದೇಶಕರ ಕಾರಿನ ಚಾಲಕ. ಗಂಡನ ತಂಗಿ ಇದೇ ಕೋಣೆಯಲ್ಲಿ ನೀರು ಪರೀಕ್ಷಿಸುವವಳು. ಕಳೆದ ಗುರುವಾರದಿಂದ ಅವಳು ಅಮಾನತಿನಲ್ಲಿದ್ದಳು.

ಕಾರಣ ಊರಿಗೆಲ್ಲ ಗೊತ್ತಿತ್ತು. ಕಳೆದ ಮಂಗಳವಾರ ನಾಲ್ಕನೇ ಟ್ಯಾಂಕಿನ ನೀರಿನ ಮಾದರಿಯಲ್ಲಿ ನಲವತ್ತಾರು ಕ್ರಿಮಿಗಳಿವೆ ಎಂದು ಇರಬೇಕಾಗಿದ್ದ ವರದಿಯಲ್ಲಿ ಸೊನ್ನೆ ಇತ್ತು. ಆ ನೀರು ಕುಡಿದ ಇಪ್ಪತ್ತಮೂರು ಮಕ್ಕಳು ಆಸ್ಪತ್ರೆ ಸೇರಿದ್ದರು. ಪರೀಕ್ಷಕಿಯ ಕೈಬರಹದ ಪುಸ್ತಕದಲ್ಲಿ ನಲವತ್ತಾರು ಎಂದೇ ಇತ್ತು. ಅದನ್ನು ಆಮೇಲೆ ಬರೆದುಕೊಂಡಿದ್ದಾಳೆ ಎಂಬುದು ಆರೋಪ.

ನಿರ್ದೇಶಕರು ಕುರ್ಚಿ ಎಳೆದುಕೊಂಡು ಕೂತರು. ದನಿ ಮೆತ್ತಗಾಯಿತು.

"ನಿನ್ನ ನಾದಿನಿ ಅಂತ ಗೊತ್ತಿದ್ದೂ ನಿನ್ನನ್ನೇ ಕರೆಸಿದೆ. ಯಾಕೆ ಹೇಳು? ನಿಮ್ಮ ಮನೆಗೂ ಒಳ್ಳೇದಾಗಲಿ ಅಂತ. ವೈರಸ್ ಬಂದಿತ್ತು, ತೆಗೆಸಿದ್ವಿ ಅಂತ ನಾನು ಹೇಳ್ತೀನಿ. ಯಾರದೂ ತಪ್ಪಿಲ್ಲ. ಹುಡುಗಿಗೆ ಒಂದು ಎಚ್ಚರಿಕೆ ಪತ್ರ, ಮುಂದಿನ ವಾರ ಮತ್ತೆ ಕೆಲಸಕ್ಕೆ."

"ಫೈಲು ಹೋದ ಮೇಲೆ ವೈರಸ್ ಇತ್ತು ಅನ್ನೋಕೆ ಸಾಕ್ಷಿ ಏನು ಸಾರ್?"

"ನನ್ನ ಮಾತು."

"ಮಾತು ಇವತ್ತಿರುತ್ತೆ. ನಾಳೆ ನಿಮಗೆ ವರ್ಗ ಆದ್ರೆ ಮಾತೂ ನಿಮ್ಮ ಜೊತೆ ಹೋಗುತ್ತೆ. ಉಳಿಯೋದು ನೀವು ಅವಳಿಗೆ ಕೊಟ್ಟಿರೋ ಮೆಮೋ ಒಂದೇ. ಅದರಲ್ಲಿ ಅವಳೇ ತಿದ್ದಿದ್ದು ಅಂತಿದೆ."

"ಅಂದ್ರೆ ಆ ಹಾವನ್ನ ಒಳಗೇ ಬಿಟ್ಕೊಂಡು ಕೂರಬೇಕಾ?"

"ಹಾವೂ ಸಾಯಬೇಕು, ಕೋಲೂ ಮುರೀಬಾರದು ಅಂತಾರೆ. ನನಗೆ ಹಾವು ಬದುಕಿರಬೇಕು. ಹಲ್ಲು ಕೀಳ್ತೀನಿ, ಬುಟ್ಟಿಗೆ ಹಾಕ್ತೀನಿ, ಸಮಿತಿ ಮುಂದೆ ಮುಚ್ಚಳ ತೆಗೀತೀನಿ. ಕೊಲ್ಲಲೇಬೇಕು ಅಂದ್ರೆ ಕೊಲ್ಲು ಅಂತ ಬರೆದುಕೊಡಿ, ಕೆಳಗೆ ನಿಮ್ಮ ಸಹಿ ಹಾಕಿ. ಈಗಲೇ ಅಳಿಸ್ತೀನಿ."

ಮೇಜಿನ ಮೇಲೆ ಕಾಗದವಿತ್ತು. ನಿರ್ದೇಶಕರ ಜೇಬಿನಲ್ಲಿ ಪೆನ್ನೂ ಇತ್ತು. ಎರಡನ್ನೂ ಅವರು ಮುಟ್ಟಲಿಲ್ಲ.

"ಅರ್ಧ ಗಂಟೆ ಬಿಟ್ಟು ಬರ್ತೀನಿ. ಅಷ್ಟರಲ್ಲಿ ಬುದ್ಧಿ ಬಂದಿರಲಿ," ಎಂದು ಎದ್ದು ಹೋದರು.

ಸ್ಕ್ರೂ ಅಕ್ಕ ಚೀಲ ಬಿಚ್ಚಿದಳು. ಒಳಗಿನ ಪಟ್ಟಿಯಲ್ಲಿ ಐದು ಕುಣಿಕೆ. ನಾಲ್ಕರಲ್ಲಿ ನಾಲ್ಕು ಪೆನ್‌ಡ್ರೈವ್. ಕೆಟ್ಟ ಫೈಲು ಹಿಡಿಯಲು ಬಳಸುವ ಈ ಡ್ರೈವುಗಳಿಗೆ ಅವಳು 'ಹಾವಾಡಿಗ' ಎಂದು ಹೆಸರಿಟ್ಟು ಒಂದೊಂದಕ್ಕೂ ನಂಬರು ಕೊಟ್ಟಿದ್ದಳು. ಮೂರನೆಯ ಕುಣಿಕೆ ಖಾಲಿ. ಫೋಟೋ ತುಂಬಿಕೊಳ್ಳುತ್ತೇನೆಂದು ನಾದಿನಿ ಒಯ್ದು ತಿಂಗಳಾಗಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಬಂದವಳು ಮೊದಲು ಮಾಡಿದ ಕೆಲಸ ಒಂದೇ. ಯಂತ್ರವನ್ನು ಅದರ ಸ್ವಂತ ಡಿಸ್ಕಿನಿಂದ ಎಬ್ಬಿಸದೆ, ಮೊದಲನೇ ಹಾವಾಡಿಗನಿಂದ ಎಬ್ಬಿಸಿ, ಇಡೀ ಡಿಸ್ಕಿನ ಪಡಿಯಚ್ಚನ್ನು ಹೊಸ ಡಿಸ್ಕಿಗೆ ಇಳಿಸಿಕೊಂಡಿದ್ದಳು. ಕಳ್ಳ ಹೊಕ್ಕ ಮನೆಯಲ್ಲಿ ಮೊದಲು ಕಸ ಗುಡಿಸಬಾರದು. ಹೆಜ್ಜೆ ಗುರುತು ಇರುವುದೇ ಆ ಕಸದಲ್ಲಿ.

ಫೈಲು ಸಿಕ್ಕಿದ್ದು ಕಂಪ್ಯೂಟರು ತನ್ನ ಸ್ವಂತ ಸಂಸಾರ ನಡೆಸಲು ಇಟ್ಟುಕೊಂಡಿರುವ ಸಿಸ್ಟಂ ಫೈಲುಗಳ ನಡುವೆ. ಅಲ್ಲಿ ಸಾವಿರಾರು ಫೈಲುಗಳಿರುತ್ತವೆ. ಗೊತ್ತಿಲ್ಲದೆ ಒಂದನ್ನು ಕಿತ್ತರೆ ಯಂತ್ರ ಮತ್ತೆ ಏಳುವುದಿಲ್ಲ. ಅದಕ್ಕೇ ಯಾರೂ ಅಲ್ಲಿ ಕೈ ಹಾಕುವುದಿಲ್ಲ. ಅದಕ್ಕೇ ಕಳ್ಳರಿಗೆ ಆ ಜಾಗ ಇಷ್ಟ.

ಇದರ ಹೆಸರು ಅಸಲಿ ಫೈಲಿನ ಹೆಸರೇ. ಒಂದೇ ವ್ಯತ್ಯಾಸ. 'ಎಲ್' ಅಕ್ಷರ ಇರಬೇಕಾದ ಜಾಗದಲ್ಲಿ ಒಂದು ಎಂಬ ಅಂಕಿ ಇತ್ತು. ಪರದೆಯ ಮೇಲೆ ಎರಡೂ ಒಂದೇ ಉದ್ದದ ಕಡ್ಡಿ. ಅವಳು ಅಕ್ಷರದ ಶೈಲಿ ಬದಲಿಸಿ ನೋಡಿದಾಗ ಕಡ್ಡಿಗೆ ಸಣ್ಣ ಕೊಕ್ಕು ಮೂಡಿತ್ತು. ಅಸಲಿ ಫೈಲಿಗೆ ತಯಾರಕರ ಮುದ್ರೆ ಇರುತ್ತದೆ. ಇದಕ್ಕಿರಲಿಲ್ಲ. ಮಾಡುತ್ತಿದ್ದ ಕೆಲಸವೂ ಒಂದೇ. ನಾಲ್ಕನೇ ಟ್ಯಾಂಕಿನ ವರದಿ ಕಂಡಲ್ಲಿ ಅಂಕಿ ಅಳಿಸಿ ಸೊನ್ನೆ ಬರೆಯುವುದು.

ಗಡಿಯಾರಕ್ಕೆ ಕೀ ಕೊಡಲು ಸ್ಟೂಲು ಹಿಡಿದು ಒಳಗೆ ಬಂದವನು ಗಂಟೆ ತಾತ. ಮೂವತ್ತೆರಡು ವರ್ಷದಿಂದ ಈ ಕೇಂದ್ರದ ಜವಾನ. ಅವನಿಲ್ಲದೆ ಇಲ್ಲಿ ಗಡಿಯಾರ ಓಡುತ್ತಿರಲಿಲ್ಲ.

"ತಾತ, ಗೋಡೆ ಒಂದು ಟೈಮು ಹೇಳುತ್ತೆ, ಕಂಪ್ಯೂಟರು ಇನ್ನೊಂದು. ಯಾವುದು ನಿಜ?"

"ಗೋಡೆದು ನಿಜ. ಕಂಪ್ಯೂಟರಿಂದು ದೊಡ್ಡಮ್ಮಾವ್ರ ಟೈಮು."

"ಯಾವ ದೊಡ್ಡಮ್ಮಾವ್ರು?"

"ಹಳೇ ಮುಖ್ಯಸ್ಥೆ. ಯಾರೂ ಹೊತ್ತಿಗೆ ಸರಿಯಾಗಿ ಬರಲ್ಲ ಅಂತ ಯಂತ್ರದ ಟೈಮನ್ನ ಒಂಬತ್ತು ನಿಮಿಷ ಮುಂದಿಟ್ರು. ಮೊದಲನೇ ವಾರ ಎಲ್ಲ ಎದ್ದೂ ಬಿದ್ದೂ ಓಡಿ ಬಂದ್ರು. ಎರಡನೇ ವಾರದಿಂದ ಮನಸ್ಸಲ್ಲೇ ಒಂಬತ್ತು ಕಳೆದು ಆರಾಮಾಗಿ ಬಂದ್ರು."

"ಆಮೇಲೆ ಸರಿ ಮಾಡ್ಲಿಲ್ವಾ?"

"ಸರಿ ಮಾಡಿದ್ರೆ ಎಲ್ಲ ಒಂಬತ್ತು ನಿಮಿಷ ತಡವಾಗಿ ಬರ್ತಾರೆ ಅಂತ ಭಯ." ತಾತ ಸ್ಟೂಲಿನ ಮೇಲಿಂದಲೇ ನಕ್ಕ. "ಈ ಯಂತ್ರಕ್ಕೆ ಇಂಟರ್‌ನೆಟ್ಟೂ ಇಲ್ವಲ್ಲ, ತಾನಾಗಿ ತಿದ್ಕೊಳ್ಳೋಕೆ. ಹಾಗೇ ಉಳೀತು."

"ಹೊಸ ಸಾಹೇಬ್ರಿಗೆ ಗೊತ್ತಾ?"

"ಅವರು ಕೇಳಿಲ್ಲ. ನಾವು ಹೇಳಿಲ್ಲ."

ಸ್ಕ್ರೂ ಅಕ್ಕ ಪರದೆಯತ್ತ ತಿರುಗಿದಳು. ಫೈಲಿನ ಜಾತಕ ತೆರೆದೇ ಇತ್ತು. ಹುಟ್ಟಿದ್ದು ಮಂಗಳವಾರ ಸಂಜೆ ಐದು ಗಂಟೆ. ಕೊನೆಯ ಸಲ ತಿದ್ದಿದ್ದು ಅದೇ ಮಂಗಳವಾರ ನಾಲ್ಕು ನಲವತ್ತೇಳು.

"ಬನ್ನಿ ತಾತ, ಚೋದ್ಯ ನೋಡಿ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ ಗಾದೆ ಕೇಳಿದ್ದೆ. ಇಲ್ಲಿ ಕಣ್ಣಾರೆ ಕಂಡೆ. ಹುಟ್ಟಿದ್ದು ಐದಕ್ಕೆ, ತಿದ್ದಿದ್ದು ಅದಕ್ಕಿಂತ ಮೊದಲೇ."

"ಅದು ಹೆಂಗಾಗುತ್ತೆ ತಾಯಿ?"

"ಬೇರೆ ಕಡೆ ಬರೆದು ಇಲ್ಲಿಗೆ ತಂದ್ರೆ ಆಗುತ್ತೆ. ಫೈಲು ಮನೆ ಬದಲಾಯಿಸಿದಾಗ ತಿದ್ದಿದ ಟೈಮು ಹಳೇ ಮನೇದೇ ಇರುತ್ತೆ. ಹುಟ್ಟಿದ ಟೈಮು ಮಾತ್ರ ಹೊಸ ಮನೇದು."

ಹೊಸ ಮನೆಯ ಐದು ಗಂಟೆಯಲ್ಲಿ ಒಂಬತ್ತು ಕಳೆದರೆ ನಾಲ್ಕು ಐವತ್ತೊಂದು. ಹಳೆಯ ಮನೆಯಲ್ಲಿ ಕೊನೆಯ ಸಲ ತಿದ್ದಿದ ನಾಲ್ಕೇ ನಿಮಿಷಕ್ಕೆ ಅದು ಈ ಯಂತ್ರದೊಳಗಿತ್ತು. ಬರೆದವರು ದೂರದಲ್ಲಿ ಇರಲಿಲ್ಲ.

ಅವಳು ಕಿಟಕಿಯಿಂದ ಕೆಳಗೆ ನೋಡಿದಳು. ಅಂಗಳದ ಮರದ ನೆರಳಿನಲ್ಲಿ ನಿರ್ದೇಶಕರ ಕಾರು ನಿಲ್ಲುವ ಜಾಗ ಖಾಲಿ ಇತ್ತು. ಸಮಿತಿಯವರನ್ನು ಕರೆತರಲು ಹೋಗಿತ್ತು. ಬೆಳಿಗ್ಗೆ ಚೀಲ ಹೊತ್ತು ಅಲ್ಲಿಂದ ಮೆಟ್ಟಿಲು ಹತ್ತಿ ಈ ಕೋಣೆಗೆ ಬರಲು ಅವಳಿಗೆ ಹಿಡಿದದ್ದು ಹೆಚ್ಚುಕಡಿಮೆ ನಾಲ್ಕು ನಿಮಿಷ.

ಆಗ ಅವಳಿಗೆ ಇನ್ನೊಂದು ನೆನಪಾಯಿತು. ನಾಲ್ಕು ಐವತ್ತೊಂದು ಎಂಬ ಅಂಕಿಯನ್ನು ಅವಳು ಆಗಲೇ ಒಂದು ಕಡೆ ಓದಿದ್ದಳು. ಚೀಲದ ಪಕ್ಕದ ಜೇಬಿನಲ್ಲಿ ನಾದಿನಿಗೆ ಕೊಟ್ಟ ಮೆಮೋದ ನಕಲಿತ್ತು. ಬಿಡಿಸಿದಳು. ಓದಿದಳು. ಮಡಚಿ ಮೇಜಿನ ಮೇಲಿಟ್ಟಳು.

"ತಾತ, ಸಾಹೇಬ್ರನ್ನ ಕರೀತೀರಾ? ಬುದ್ಧಿ ಬಂತಂತೆ ಅಂತ ಹೇಳಿ."

ನಿರ್ದೇಶಕರು ಹನ್ನೊಂದು ಇಪ್ಪತ್ತಕ್ಕೆ ಬಂದರು. ಮುಖದಲ್ಲಿ ನಿರಾಳವಿತ್ತು.

"ಅಳಿಸಿದ್ಯಾ?"

"ಒಂದು ಅನುಮಾನ ಸಾರ್. ಅದು ತೀರಲಿ." ಮೆಮೋ ಬಿಡಿಸಿ ಓದಿದಳು. "'ತಾವು ಮಂಗಳವಾರ ಸಂಜೆ ನಾಲ್ಕು ಗಂಟೆ ಐವತ್ತೊಂದು ನಿಮಿಷಕ್ಕೆ ಸದರಿ ವರದಿಯನ್ನು ತಿದ್ದಿರುವುದು ಕಂಡುಬಂದಿರುತ್ತದೆ.' ಈ ಐವತ್ತೊಂದು ಎಲ್ಲಿ ಸಿಕ್ತು?"

"ಇನ್ನೆಲ್ಲಿ, ಈ ಕಂಪ್ಯೂಟರಲ್ಲೇ."

"ನೀವೇ ನೋಡಿದ್ರಾ?"

"ನಾನೇ ನೋಡಿದೆ, ನಾನೇ ಬರೆಸಿದೆ. ಮೆಮೋಗೆ ನಿಮಿಷ ಸಮೇತ ಇರಬೇಕು. ನಾನು ಬಾಯಿಗೆ ಬಂದಹಾಗೆ ಬರೆಯೋನಲ್ಲ."

"ಹಾಗಾದ್ರೆ ಇನ್ನೊಂದು ಸಲ ನೋಡಿ."

ಪರದೆಯ ಮೇಲೆ ನಾಲ್ಕನೇ ಟ್ಯಾಂಕಿನ ವರದಿ. ಅದರ ಕೆಳಗೆ ತಿದ್ದಿದ ಸಮಯ. ಸಂಜೆ ಐದು ಗಂಟೆ.

ನಿರ್ದೇಶಕರು ಬಗ್ಗಿ ನೋಡಿದರು. ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡು ಮತ್ತೆ ನೋಡಿದರು. ಐದು ಐದಾಗಿಯೇ ಇತ್ತು.

"ಅದು... ಯಂತ್ರದ ಟೈಮು ಮುಂದಿದೆಯಲ್ಲ. ಲೆಕ್ಕ ಹಾಕಿ ಬರೆಸಿದ್ದು."

"ಎಷ್ಟು ಮುಂದಿದೆ ಸಾರ್?"

ಅವರ ಕತ್ತು ಗೋಡೆಯತ್ತ ತಿರುಗಿತು.

"ಗೋಡೆ ನೋಡದೆ ಹೇಳಿ. ಬೆಳಿಗ್ಗೆ ಇದೇ ಪರದೆ ನೋಡಿ ಹತ್ತು ನಲವತ್ತಾಯ್ತು ಅಂತ ನನ್ನನ್ನ ಅವಸರ ಮಾಡಿದ್ರಿ. ಆಗ ಗೋಡೆ ಮೇಲೆ ಹತ್ತು ಮೂವತ್ತೊಂದು. ಯಂತ್ರ ಮುಂದಿದೆ ಅಂತ ನಿಮಗೆ ಗೊತ್ತಾಗಿ ಅರ್ಧ ನಿಮಿಷ ಆಯ್ತು. ಅದೂ ನಾನು ತೋರಿಸಿದ್ದಕ್ಕೆ."

ಬಾಗಿಲ ಬಳಿ ಗಂಟೆ ತಾತ ಸ್ಟೂಲು ಹಿಡಿದು ನಿಂತೇ ಇದ್ದ. ಹೋಗು ಎಂದು ಅವನಿಗೆ ಹೇಳುವುದು ಯಾರಿಗೂ ಹೊಳೆಯಲಿಲ್ಲ.

"ಈ ಯಂತ್ರದಲ್ಲಿ ಎಲ್ಲೂ ನಾಲ್ಕು ಐವತ್ತೊಂದು ಅಂತ ಬರೆದಿಲ್ಲ ಸಾರ್. ಆ ನಿಮಿಷ ಗೊತ್ತಿರೋದು ಆ ಹೊತ್ತಲ್ಲಿ ಇಲ್ಲಿ ನಿಂತು ಸ್ವಂತ ಗಡಿಯಾರ ನೋಡ್ಕೊಂಡವರಿಗೆ ಮಾತ್ರ."

"ನೀನು ನನ್ನನ್ನ ಕಳ್ಳ ಅಂತಿದ್ದೀಯಾ?"

"ಕುಂಬಳಕಾಯಿ ಕಳ್ಳ ಅಂತ ನಾನಿನ್ನೂ ಕೂಗೇ ಇಲ್ಲ. ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?"

"ನಾನು ಇಲ್ಲಿರಲೇ ಇಲ್ಲ!" ನಿರ್ದೇಶಕರ ಕೈ ಮೇಜಿಗೆ ಬಡಿಯಿತು. "ಸಭೆಯಲ್ಲಿದ್ದೆ. ಹತ್ತು ಜನ ನೋಡಿದ್ದಾರೆ. ನನಗೆ ಫೋನ್ ಬಂತು, ನಾಲ್ಕು ಐವತ್ತೊಂದಕ್ಕೆ ಆಯ್ತು ಅಂತ..."

ಮಾತು ಅಲ್ಲಿಗೆ ನಿಂತಿತು. ಆದರೆ ನಿಲ್ಲಬೇಕಾದ ಜಾಗ ಅದಕ್ಕಿಂತ ಒಂದು ವಾಕ್ಯ ಹಿಂದಿತ್ತು.

"ಏನು ಆಯ್ತು ಅಂತ?" ಸ್ಕ್ರೂ ಅಕ್ಕ ಕೇಳಿದಳು. "ಕೆಲಸ ಆಯ್ತು ಅಂತ್ಲಾ? ಫೋನ್ ಮಾಡಿದ್ದು ಯಾರು?"

ಹೊರಗೆ ನಲ್ಲಿಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

"ನೀವು ಈಗ ಏನು ಮಾಡಬೇಕು ಅಂತಿದ್ದೀರಿ?" ಕೊನೆಗೆ ನಿರ್ದೇಶಕರು ಕೇಳಿದರು. ಬೆಳಿಗ್ಗೆಯಿಂದ ಅವರ ಬಾಯಲ್ಲಿ ಅವಳಿಗೆ ಸಿಕ್ಕ ಮೊದಲ ಬಹುವಚನ ಅದು.

"ಬೆಳಿಗ್ಗೆ ಹೇಳಿದ್ದೇ. ಹಲ್ಲು ಕೀಳೋದು, ಬುಟ್ಟಿಗೆ ಹಾಕೋದು."

ನಿರ್ದೇಶಕರು ತಾತನನ್ನು ದಾಟಿಕೊಂಡು ಹೊರಗೆ ಹೋದರು. ತಾತ ಸ್ಟೂಲನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟ.

"ತಾಯಿ, ಮೂವತ್ತೆರಡು ವರ್ಷ ಕೀ ಕೊಟ್ಟೆ," ಅಂದ. "ಗಡಿಯಾರದಿಂದ ಇಷ್ಟು ಉಪಯೋಗ ಆಗಿದ್ದು ಇವತ್ತೇ."

ಕೆಲಸ ಹದಿನೈದು ನಿಮಿಷದ್ದು. ಫೈಲನ್ನು ನೇರವಾಗಿ ಎತ್ತುವಂತಿಲ್ಲ. ಯಂತ್ರ ಪ್ರತಿ ಸಲ ಏಳುವಾಗ ಯಾವ ಯಾವ ಫೈಲನ್ನು ಎಬ್ಬಿಸಬೇಕು ಎಂಬ ಪಟ್ಟಿಯಲ್ಲಿ ಇದರ ಹೆಸರೂ ಸೇರಿಕೊಂಡಿತ್ತು. ಮೊದಲು ಆ ಸಾಲನ್ನು ತಡೆಹಿಡಿದಳು. ಆಮೇಲೆ ಫೈಲನ್ನು ಗುಪ್ತಪದ ಹಾಕಿದ ಪೆಟ್ಟಿಗೆಯೊಳಗೆ ಸರಿಸಿದಳು. ಅದರ ಹೆಸರು, ಜಾಗ, ಅಳತೆ, ಎರಡೂ ಸಮಯಗಳನ್ನು ಹಾಳೆಯ ಮೇಲೆ ಬರೆದಳು. ಯಂತ್ರವನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದಳು. ಎದ್ದಿತು. ಪರೀಕ್ಷೆಗೆಂದು ನಾಲ್ಕನೇ ಟ್ಯಾಂಕಿನ ಹೆಸರಲ್ಲಿ ನಲವತ್ತಾರು ಬರೆದು ಉಳಿಸಿದಳು. ತೆರೆದು ನೋಡಿದಳು. ನಲವತ್ತಾರು ನಲವತ್ತಾರಾಗಿಯೇ ಇತ್ತು. ಆ ಪರೀಕ್ಷೆಯ ಸಾಲನ್ನೂ, ತಾನೇ ಬರೆದದ್ದು ಎಂದು ಷರಾ ಹಾಕಿ ಹಾಳೆಗೆ ಸೇರಿಸಿದಳು.

ಇನ್ನು ಉಳಿದದ್ದು ಒಂದೇ ಪ್ರಶ್ನೆ. ಇಂಟರ್‌ನೆಟ್ ಇಲ್ಲದ ಯಂತ್ರದೊಳಗೆ ಫೈಲು ಯಾವುದನ್ನು ಹತ್ತಿ ಬಂತು?

ಇಂಥ ಯಂತ್ರಗಳು ತಮಗೆ ಚುಚ್ಚಿದ ಪ್ರತಿ ಪೆನ್‌ಡ್ರೈವಿನ ಹೆಸರನ್ನು ಒಂದು ಮೂಲೆಯಲ್ಲಿ ಬರೆದಿಟ್ಟುಕೊಳ್ಳುತ್ತವೆ. ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. ಸ್ಕ್ರೂ ಅಕ್ಕ ಪಟ್ಟಿ ತೆರೆದು ಮಂಗಳವಾರಕ್ಕೆ ಇಳಿದಳು. ಆ ದಿನದ್ದು ಒಂದೇ ಸಾಲು. ನಾಲ್ಕು ಐವತ್ತೊಂಬತ್ತು, ಅಂದರೆ ಗೋಡೆಯ ನಾಲ್ಕು ಐವತ್ತು. ಅದರ ಮುಂದೆ ಡ್ರೈವಿನ ಹೆಸರು.

ಹಾವಾಡಿಗ ಮೂರು.

ಅವಳು ಚೀಲದ ಪಟ್ಟಿ ನೋಡಿದಳು. ಖಾಲಿ ಕುಣಿಕೆ. ಪರದೆ ನೋಡಿದಳು. ಸಾಲು ಅಲ್ಲೇ ಇತ್ತು.

ನಾದಿನಿ ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಕೈಬರಹದ ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸಮಿತಿ ಅವಳಿಗೂ ಹನ್ನೆರಡಕ್ಕೇ ಬರಹೇಳಿತ್ತು.

"ಅತ್ತಿಗೆ, ಸಿಕ್ತಾ?" ಎಂದು ಎದ್ದಳು. "ಸಾಹೇಬ್ರು ಆಗಲೇ ಮುಖ ಗಂಟು ಹಾಕ್ಕೊಂಡು ಹೋದ್ರು. ಒಳ್ಳೇದೇ ಆಗಿರಬೇಕು ಅನ್ಕೊಂಡೆ."

"ನನ್ನ ಮೂರನೇ ಹಾವಾಡಿಗ ಎಲ್ಲಿದೆಯೇ?"

"ಯಾವುದು, ಫೋಟೋಗೆ ತಗೊಂಡಿದ್ನಲ್ಲ, ಅದಾ? ಈ ಗಲಾಟೆ ಎಲ್ಲ ಆಗೋಕೆ ಎರಡು ದಿನ ಮುಂಚೆನೇ ಅಣ್ಣನ ಕೈಲಿ ಕೊಟ್ಟೆ. ನಿಮಗೆ ಕೊಡ್ತೀನಿ ಅಂದ. ಕೊಡ್ಲಿಲ್ವಾ?"

ಸ್ಕ್ರೂ ಅಕ್ಕ ಕೂದಲಿನ ಗಂಟಿನಿಂದ ಸ್ಕ್ರೂ ಡ್ರೈವರ್ ತೆಗೆದು ಮತ್ತೆ ಸಿಕ್ಕಿಸಿಕೊಂಡಳು.

"ಅವನ ಮರೆವು ನಿಮಗೆ ಗೊತ್ತಲ್ಲ," ನಾದಿನಿ ನಕ್ಕಳು. ಐದು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು. "ಜೇಬಲ್ಲೇ ಇಟ್ಕೊಂಡು ಓಡಾಡ್ತಿರ್ತಾನೆ."

ಗಂಡ ಒಂದು ಸಂಜೆ ಟೀವಿ ನೋಡುತ್ತ ಕೇಳಿದ್ದ. ಫೈಲು ಅಳಿಸಿದರೆ ನಿಜವಾಗಿ ಹೋಗುತ್ತಾ ಕಣೇ? ಹದಿನೆಂಟು ವರ್ಷದ ಸಂಸಾರದಲ್ಲಿ ಅವನು ಅವಳ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ. ಖುಷಿಯಿಂದ ಅರ್ಧ ಗಂಟೆ ವಿವರಿಸಿದ್ದಳು.

ಅವಳು ಒಳಗೆ ಬಂದು ಕೂತಳು. ಗೋಡೆಯ ಮೇಲೆ ಹನ್ನೊಂದು ಐವತ್ತೆರಡು.

ಅಳಿಸಬೇಕಾದದ್ದು ಒಂದೇ ಸಾಲು. ಪಡಿಯಚ್ಚಿನ ಡಿಸ್ಕೂ ಅವಳ ಚೀಲದಲ್ಲೇ ಇತ್ತು. ಆ ಸಾಲು ಇರಲಿಲ್ಲ ಎಂದರೆ ಕೇಳುವವರು ಯಾರೂ ಇಲ್ಲ. ನಾದಿನಿಯ ಕೆಲಸ ಉಳಿಯಲು ಗಡಿಯಾರದ ಒಂಬತ್ತು ನಿಮಿಷವೇ ಸಾಕು. ಮನೆಯ ಮಾನವೂ ಉಳಿಯುತ್ತದೆ. ಬೆಳಿಗ್ಗೆ ನಿರ್ದೇಶಕರು ಕೇಳಿದ್ದು ಇಷ್ಟೇ. ಇದಕ್ಕಿಂತ ಒಂದು ಅಕ್ಷರ ಹೆಚ್ಚಿಗೆ ಕೇಳಿರಲಿಲ್ಲ.

ಅವಳು ಮುದ್ರಿಸುವ ಕೀಲಿ ಒತ್ತಿದಳು.

ಮೂರು ಪ್ರತಿ, ಒಂದೊಂದರಲ್ಲೂ ಮೂರು ಹಾಳೆ. ಪ್ರತಿಯೊಂದರ ಕೆಳಗೂ ಗೋಡೆಯ ಸಮಯ, ಯಂತ್ರದ ಸಮಯ ಎರಡನ್ನೂ ಬರೆದು ಸಹಿ ಹಾಕಿದಳು. ಡಿಸ್ಕನ್ನು ಚೀಲದಿಂದ ತೆಗೆದು ಹಾಳೆಗಳ ಮೇಲಿಟ್ಟಳು.

ಗೋಡೆಯ ಗಡಿಯಾರ ಹನ್ನೆರಡು ಬಾರಿಸುವಾಗ ಸಮಿತಿ ಬಂತು. ಮುಂದೆ ಅಧ್ಯಕ್ಷೆ, ನಿವೃತ್ತ ನ್ಯಾಯಾಧೀಶೆ, ಗಿಡ್ಡ ದೇಹ, ಜೋರು ನಡಿಗೆ. ಹಿಂದೆ ನಿರ್ದೇಶಕರು. ಅವರ ಹಿಂದೆ ನಾದಿನಿ. ಬಾಗಿಲನ್ನು ತೆರೆದು ಹಿಡಿದು, ಇನ್ನೊಂದು ಕೈಯಲ್ಲಿ ಸಮಿತಿಯ ಕಡತಗಳನ್ನು ಹೊತ್ತು ನಿಂತಿದ್ದವನು ಚಾಲಕ, ಅವಳ ಗಂಡ.

"ಈ ಯಂತ್ರ ನೋಡಿದ್ದು ನೀವಾ?" ಅಧ್ಯಕ್ಷೆ ಕೇಳಿದರು.

"ಹೌದಮ್ಮ. ಆರೋಪ ಇರೋ ಪರೀಕ್ಷಕಿ ನನ್ನ ನಾದಿನಿ. ಅದನ್ನ ಮೊದಲು ಬರ್ಕೊಳ್ಳಿ. ಆಮೇಲೆ ಇದನ್ನ ಓದಿ."

ಅಧ್ಯಕ್ಷೆ ನಿಂತೇ ಓದಿದರು. ಮೊದಲ ಹಾಳೆ, ಎರಡನೇ ಹಾಳೆ. ಮೂರನೆಯದರಲ್ಲಿ ಬೆರಳು ನಿಂತಿತು.

"ಈ ಹಾವಾಡಿಗ ಮೂರು ಅನ್ನೋದು ಯಾರದು?"

"ನನ್ನದು."

"ಅತ್ತಿಗೆ!" ನಾದಿನಿಯ ಕೈಯಿಂದ ಪುಸ್ತಕ ಜಾರಿತು.

ನಿರ್ದೇಶಕರು ಕನ್ನಡಕ ತೆಗೆದು ಒರೆಸತೊಡಗಿದರು. ಈ ಸಲ ನಿಧಾನವಾಗಿ.

"ಮಂಗಳವಾರ ಸಂಜೆ ಅದು ನಿಮ್ಮ ಹತ್ತಿರ ಇತ್ತಾ?"

"ಇರಲಿಲ್ಲ."

"ಮತ್ತೆ ಯಾರ ಹತ್ತಿರ ಇತ್ತು?"

ಸ್ಕ್ರೂ ಅಕ್ಕ ಬಾಗಿಲತ್ತ ತಿರುಗಲಿಲ್ಲ.

"ಅವರು ಈ ಕೋಣೆಯಲ್ಲೇ ಇದ್ದಾರಮ್ಮ. ಅವರಾಗೇ ಹೇಳಲಿ ಅಂತ ಒಂದು ನಿಮಿಷ ಕೊಟ್ಟಿದ್ದೀನಿ. ಗೋಡೆ ನಿಮಿಷ. ಅವರು ಹೇಳದಿದ್ರೆ ನಾನು ಹೇಳ್ತೀನಿ."

ಹನ್ನೆರಡು ಗಂಟೆ ಆರು ನಿಮಿಷಕ್ಕೆ ಚಾಲಕ ಕಡತಗಳನ್ನು ಮೇಜಿನ ಮೇಲಿಟ್ಟ. ಅವುಗಳ ಮೇಲೆ ಕಾರಿನ ಕೀಲಿ ಇಟ್ಟ. ಕೋಣೆಯಿಂದ ಹೊರಗೆ ಹೋದ.